ಒಂಬತ್ತನೆಯ ಹಾಸಿಗೆಯ ಪ್ರಶ್ನೆ

ಟಪ್ ಎಂದಿತು. ರಾತ್ರಿ ಹನ್ನೊಂದೂವರೆಯ ಮೇಲೆ ಅಡುಗೆಮನೆಯಲ್ಲಿ ಕೇಳಿಸುವ ಸದ್ದುಗಳೆಲ್ಲ ಅವಳಿಗೆ ಪರಿಚಿತ: ಫ್ರಿಜ್ಜು ಒಮ್ಮೆ ನಡುಗಿ ಸುಮ್ಮನಾಗುವುದು, ನಲ್ಲಿಯ ಬಾಯಲ್ಲಿ ಕೂಡಿಕೊಂಡ ಹನಿ ಸಿಂಕಿಗೆ ಬೀಳುವುದು, ಮೇಲಿನ ಮನೆಯವರು ಚಪ್ಪಲಿ ಕಳಚುವುದು. ಇದು ಅವು ಯಾವುದೂ ಅಲ್ಲ. ಇಯರ್‌ಫೋನ್ ತೆಗೆದು ಕಿವಿಗೊಟ್ಟಳು. ಮನೆ ಸದ್ದಿಲ್ಲದೆ ಮಲಗಿತ್ತು. ಮತ್ತೆ ಸಿಕ್ಕಿಸಿಕೊಂಡು ಮೊಬೈಲಿನ ಮೇಲೆ ಬೆರಳಾಡಿಸಿ ವಿಡಿಯೋವನ್ನು ಅರ್ಧ ನಿಮಿಷ ಹಿಂದಕ್ಕೆ ಎಳೆದಳು. ಪರದೆಯಲ್ಲಿ ಇದ್ದದ್ದು ಅವಳೇ. ಬಿಳಿ ಕೋಟು, ಕೈಯಲ್ಲಿ ಕೇಸ್ ಶೀಟು, ಸುತ್ತ ಐದು ಜನ ಕಿರಿಯ ವೈದ್ಯರು. 'ನನಗೆ ಗೊತ್ತಿಲ್ಲ' ಎಂದಳು ಪರದೆಯವಳು, ತಲೆಯನ್ನು ಸ್ವಲ್ಪ ವಾರೆ ಮಾಡಿ. 'ನಿಜವಾಗ್ಲೂ ಗೊತ್ತಿಲ್ಲ. ಎಲ್ಲರೂ ಸೇರಿ ಹುಡುಕೋಣ.' ಆಮೇಲೆ ಯಾರೂ ಮಾತಾಡದ ಒಂದು ಗಳಿಗೆ. ಅದರ ನಡುವೆ, ಟಪ್. ಸದ್ದು ವಿಡಿಯೋದ ಒಳಗಿನದು. ಪರದೆಯ ಎಡ ಅಂಚಿನಲ್ಲಿ ಒಂದು ಮುಂಗೈ, ಒಂದು ಕನ್ನಡಕದ ಪೆಟ್ಟಿಗೆ. ಹಾಸಿಗೆಯ ಮೇಲಿದ್ದವರು ಅವಳ ಮಾತು ಕೇಳಿಸಿಕೊಂಡು, ಕನ್ನಡಕ ತೆಗೆದು ಒಳಗಿಟ್ಟು, ಮುಚ್ಚಳ ಹಾಕಿದ್ದರು. ಈ ವಿಡಿಯೋವನ್ನು ಅವಳು ಇಷ್ಟರಲ್ಲಿ ಹತ್ತು ಸಲವಾದರೂ ನೋಡಿದ್ದಳು, ತನ್ನ ಮುಖವನ್ನೇ ನೋಡಿದ್ದಳು.

ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ಇದನ್ನು ಆಸ್ಪತ್ರೆಯ ಸಭಾಂಗಣದಲ್ಲಿ ನಲವತ್ತು ಮಂದಿ ವೈದ್ಯರಿಗೆ ಮಾದರಿ ಪಾಠವೆಂದು ತೋರಿಸುವವರಿದ್ದರು. ಅವಳು ಹೂಂ ಎನ್ನುವುದೊಂದು ಬಾಕಿ. ಸಂಜೆ ಗಂಡನಿಗೆ ಇಷ್ಟು ಮಾತ್ರ ಹೇಳಿದಾಗ ಅವರು ಪತ್ರಿಕೆಯ ಹಿಂದಿನಿಂದಲೇ, 'ನಿನ್ನ ಬಾಯಲ್ಲಿ ಗೊತ್ತಿಲ್ಲ ಅನ್ನೋ ಮಾತು ರೆಕಾರ್ಡ್ ಆಗಿದೆಯಾ? ನನಗೂ ಒಂದು ಕಾಪಿ ಕಳಿಸೇ ಮಾರಾಯ್ತಿ. ಇಪ್ಪತ್ತೇಳು ವರ್ಷದಿಂದ ಕಾಯ್ತಾ ಇದ್ದೀನಿ' ಎಂದು ನಕ್ಕಿದ್ದರು. ಅವಳೂ ನಕ್ಕಿದ್ದಳು. ಹೇಳದೆ ಉಳಿದದ್ದು ಎರಡು ಸಂಗತಿ. ಪರದೆಯ ಅಂಚಿನಲ್ಲಿದ್ದ ಆ ಮನುಷ್ಯ ನಾಲ್ಕು ದಿನದಿಂದ ಮತ್ತೆ ಅದೇ ವಾರ್ಡಿನ ಅದೇ ಒಂಬತ್ತನೆಯ ಹಾಸಿಗೆಯಲ್ಲಿ, ಬಲಗೈ ಬಲಗಾಲು ಬಿದ್ದುಹೋಗಿ, ಮಾತು ನಿಂತು ಮಲಗಿದ್ದಾರೆ ಎಂಬುದು ಒಂದು. ಇನ್ನೊಂದು, ಆ ದಿನ ಅವಳಿಗೆ ಗೊತ್ತಿತ್ತು ಎಂಬುದು.

ಗ್ಯಾಸಿನ ಗುಂಡಿಯನ್ನು ಮುಟ್ಟಿ ನೋಡಿ ದೀಪ ಆರಿಸಿದಳು. ಮತ್ತೆ ದೀಪ ಹಾಕಿ ಇನ್ನೊಮ್ಮೆ ಮುಟ್ಟಿ ನೋಡಿದಳು. ಹಾಸಿಗೆಯಲ್ಲಿ ಗಂಡನ ಉಸಿರಿನ ಪಕ್ಕ ಕಣ್ಣು ಬಿಟ್ಟುಕೊಂಡು ಮಲಗಿದಾಗ ತರಬೇತಿಯ ಮೊದಲ ದಿನ ನೆನಪಾಯಿತು. ತರಬೇತಿಯ ಹೆಸರು ಒಂದು ಉಸಿರಿಗೆ ಮುಗಿಯದಷ್ಟು ಉದ್ದವಿತ್ತು. ಸಾರ ಇಷ್ಟೇ: ಯಾವ ಚಿಕಿತ್ಸೆಗೆ ಎಷ್ಟು ಸಾಕ್ಷ್ಯವಿದೆ ಎಂದು ಹುಡುಕಿ ತೂಗಿ ನೋಡುವುದನ್ನು ತರಗತಿಯಲ್ಲಿ ಕಲಿಸಿದರೆ ಅದು ತರಗತಿಯಲ್ಲೇ ಉಳಿಯುತ್ತದೆ, ರೌಂಡ್ಸಿನಲ್ಲಿ, ಹಾಸಿಗೆಯ ಪಕ್ಕ, ದಿನದ ಕೆಲಸದ ನಡುವೆಯೇ ಕಲಿಸಬೇಕು, ಹಾಗೆ ಕಲಿಸುವುದನ್ನು ಮೊದಲು ಹಿರಿಯರು ಕಲಿಯಬೇಕು. ಪ್ರತಿಯೊಬ್ಬರಿಗೂ ಅಂಗೈಯಗಲದ ಹಳದಿ ಕಾರ್ಡುಗಳ ಒಂದು ಕಟ್ಟು ಕೊಟ್ಟಿದ್ದರು. ಒಂದೊಂದರ ಮೇಲೂ ನಾಲ್ಕು ಮನೆ: ರೋಗಿ ಯಾರು, ಏನು ಕೊಡಬೇಕೆಂದಿದ್ದೇವೆ, ಕೊಡದಿದ್ದರೆ ಏನು, ಕೊನೆಗೆ ಏನಾಗಬೇಕು. ಕಿರಿಯರು ಕಾರ್ಡು ತುಂಬಿ, ರಾತ್ರಿ ಹುಡುಕಿ, ಮರುದಿನ ಅದೇ ಹಾಸಿಗೆಯ ಪಕ್ಕ ಮೂರು ನಿಮಿಷ ಉತ್ತರ ಹೇಳಬೇಕು. ಆ ಮೂರು ನಿಮಿಷ ಹಿರಿಯರು ಬಾಯಿ ಬಿಡಬಾರದು. ಎಲ್ಲಕ್ಕಿಂತ ಮೊದಲಿನ ನಿಯಮ, ದಿನಕ್ಕೆ ಒಮ್ಮೆಯಾದರೂ ಹಿರಿಯ ವೈದ್ಯರು ಎಲ್ಲರಿಗೂ ಕೇಳುವಂತೆ, ನನಗೆ ಗೊತ್ತಿಲ್ಲ, ಎನ್ನಬೇಕು.

ಹೇಳಿಕೊಡಲು ಬಂದಿದ್ದವನು ಕಡ್ಡಿ. ಇಪ್ಪತ್ತು ವರ್ಷದ ಹಿಂದೆ ಅವಳ ವಾರ್ಡಿನಲ್ಲೇ ವಿದ್ಯಾರ್ಥಿಯಾಗಿದ್ದಾಗ ಕೋಟಿನೊಳಗೆ ಹುಡುಗನಿದ್ದಾನೋ ಇಲ್ಲವೋ ಎನ್ನುವಂತಿದ್ದ. ಈಗ ಅಂಗಿಯ ಗುಂಡಿಗಳು ಹೊಟ್ಟೆಯ ಮೇಲೆ ಬಿಗಿದು ನಿಂತಿದ್ದವು, ಹೆಸರು ಮಾತ್ರ ಅವಳ ಮನಸ್ಸಿನಲ್ಲಿ ಹಳೆಯದೇ. ಅವನು ಬಾಗಿಲಲ್ಲೇ ಅವಳನ್ನು ಗುರುತಿಸಿ ಕುರ್ಚಿ ಎಳೆದುಕೊಟ್ಟ. ಆ ವಿನಯ ಅವಳಿಗೆ ಮುಳ್ಳಿನಂತೆ ಚುಚ್ಚಿತು. ಅವನ ವಿದ್ಯಾರ್ಥಿ ದಿನಗಳಲ್ಲಿ ಒಂದು ಬೆಳಿಗ್ಗೆ ಒಬ್ಬ ಅಜ್ಜಿಯ ಹಾಸಿಗೆಯ ಪಕ್ಕ ಅವಳು ಕೇಳಿದ್ದಕ್ಕೆ ಅವನು, 'ಗೊತ್ತಿಲ್ಲ ಮೇಡಂ' ಎಂದಿದ್ದ. 'ನನಗ್ಯಾಕೆ ಹೇಳ್ತೀಯ? ಈ ಅಜ್ಜಿಗೆ ಹೇಳು. ನಿಮ್ಮನ್ನ ನೋಡ್ಕೊಳ್ಳೋನಿಗೆ ಏನೂ ಗೊತ್ತಿಲ್ಲ ಅಂತ ಗಟ್ಟಿಯಾಗಿ ಹೇಳು' ಎಂದಿದ್ದಳು ಅವಳು. ಅವನು ಹೇಳಿದ್ದ. ಒಡೆದ ದನಿಯಲ್ಲಿ ಪೂರ್ತಿ ವಾಕ್ಯವನ್ನೇ ಹೇಳಿದ್ದ. ಅಜ್ಜಿ ಹಾಸಿಗೆಯಿಂದಲೇ ಕೈ ಚಾಚಿ ಅವನ ಮೊಣಕೈ ಸವರಿದ್ದಳು. ವಿದ್ಯಾರ್ಥಿಗಳೆಲ್ಲ ನೆಲ ನೋಡುತ್ತಿದ್ದರು. ಅದೆಲ್ಲ ಅವನಿಗೆ ನೆನಪಿದೆಯೋ ಇಲ್ಲವೋ ಎಂದು ಆರು ವಾರ ಅವಳು ಅವನ ಮುಖ ನೋಡಿದ್ದೇ ನೋಡಿದ್ದು. ಅಭ್ಯಾಸದ ಹೊತ್ತಿನಲ್ಲಿ ಒಬ್ಬೊಬ್ಬರನ್ನೇ ಎಬ್ಬಿಸಿ, ನನಗೆ ಗೊತ್ತಿಲ್ಲ, ಎಂದು ಹೇಳಿಸುತ್ತಿದ್ದಾಗ ಅವಳ ಸರದಿಗೆ, 'ಮೇಡಂ, ಇನ್ನೂ ಸ್ವಲ್ಪ ನಿಧಾನ. ಪ್ರಶ್ನೆ ಕೇಳಿದ ಹಾಗಿದೆ, ಒಪ್ಪಿಕೊಂಡ ಹಾಗಿಲ್ಲ' ಎಂದಿದ್ದ. ಜೊತೆಗೆ ತರಬೇತಿಗೆ ಕೂತಿದ್ದ ಮಕ್ಕಳ ವೈದ್ಯರು ಕಿಸಕ್ಕೆಂದು ನಕ್ಕಿದ್ದರು. ಅವಳು ಮನೆಗೆ ಬಂದು ಬಚ್ಚಲಮನೆಯ ಕನ್ನಡಿಯ ಮುಂದೆ ನಿಂತು ಹದಿನೈದು ಸಲ ಹೇಳಿ ರೂಢಿಸಿಕೊಂಡಳು.

ಹೀಗೆ ರೂಢಿಸಿಕೊಂಡ ಮಾತನ್ನು ಆಡಲು ಒಂದು ಸಂದರ್ಭ ಬೇಕಿತ್ತು. ಕ್ಯಾಮೆರಾ ಹಿಡಿದು ಕಡ್ಡಿ ವಾರ್ಡಿಗೆ ಬಂದ ದಿನ, ಅಂದರೆ ಐದು ವಾರದ ಹಿಂದೆ, ಅವಳಿಗೆ ನಿಜವಾಗಿ ಗೊತ್ತಿಲ್ಲದ ಪ್ರಶ್ನೆಗಳೇನು ಕಡಿಮೆಯಿರಲಿಲ್ಲ. ನಾಲ್ಕನೆಯ ಹಾಸಿಗೆಯ ಹುಡುಗಿಗೆ ಇಳಿಯದ ಜ್ವರ, ಹನ್ನೆರಡನೆಯವರ ಹೊಟ್ಟೆಯ ಗಂಟು. ಆದರೆ ಕ್ಯಾಮೆರಾದ ಮುಂದೆ ನಿಜವಾಗಿ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಲು ಅವಳಿಗೆ ಧೈರ್ಯ ಬರಲಿಲ್ಲ. ಕಿರಿಯರು ಏನು ತರುತ್ತಾರೋ, ಅದರ ಮೇಲೆ ಇನ್ನೇನು ಕೇಳುತ್ತಾರೋ. ಗೊತ್ತಿದ್ದದ್ದನ್ನು ಗೊತ್ತಿಲ್ಲ ಎನ್ನುವುದು ಸುರಕ್ಷಿತವಾಗಿ ಕಂಡಿತು. ಒಂಬತ್ತನೆಯ ಹಾಸಿಗೆಯಲ್ಲಿದ್ದವರು ಅಚ್ಚುಕೂಟದಲ್ಲಿ ಮೂವತ್ತೆಂಟು ವರ್ಷ ಕರಡು ತಿದ್ದಿ ನಿವೃತ್ತರಾದವರು. ಹೃದಯದ ಬಡಿತ ತಾಳ ತಪ್ಪಿತ್ತು. ಅಂಥ ಹೃದಯದಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋಗಬಹುದು, ತಡೆಯಲು ಮಾತ್ರೆಯಿದೆ. ಆದರೆ ಅವರು ಮನೆಯಲ್ಲಿ ಎರಡು ಸಲ ಎಡವಿ ಬಿದ್ದಿದ್ದರು. ಮಾತ್ರೆ ನುಂಗುವವರು ತಲೆಗೆ ಪೆಟ್ಟು ಮಾಡಿಕೊಂಡರೆ ರಕ್ತ ಬೇಗ ನಿಲ್ಲದು. ಬೀಳುವವರಿಗೆ ಈ ಮಾತ್ರೆ ಕೊಡಬೇಕೋ ಬೇಡವೋ? ಕೊಡಬೇಕು. ಅದು ಅವಳಿಗೆ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಗೊತ್ತಿದ್ದ ಉತ್ತರ. ಇಂಥ ಎಷ್ಟೋ ಜನರಿಗೆ ಬರೆದುಕೊಟ್ಟಿದ್ದಳು. ಅವಳು ತಲೆಯನ್ನು ಸ್ವಲ್ಪ ವಾರೆ ಮಾಡಿ, ಕನ್ನಡಿಯ ಮುಂದೆ ಆಡಿದಷ್ಟೇ ನಿಧಾನವಾಗಿ, ಗೊತ್ತಿಲ್ಲ ಎಂದಳು. ಎಷ್ಟು ಚೆನ್ನಾಗಿ ಬಂತೆಂದರೆ ಒಂದು ಕ್ಷಣ ಅವಳಿಗೇ ನಂಬಿಕೆ ಬಂತು.

ಮರುದಿನ ಉತ್ತರ ಹೇಳಬೇಕಾದವಳು ಗುಬ್ಬಿ. ಎಲ್ಲರಿಗಿಂತ ಕಿರಿಯಳು, ಎಲ್ಲರಿಗಿಂತ ಕುಳ್ಳಿ. ಸಿಸ್ಟರುಗಳು ಇಟ್ಟ ಆ ಹೆಸರು ಅವಳಿಗೂ ಗೊತ್ತಿತ್ತು. ಹಳದಿ ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು ಉಸಿರು ಬಿಡದೆ ಓದಿದಳು: ಅಧ್ಯಯನಗಳು, ಶೇಕಡಾವಾರು, ಅಂದಾಜು, ಮತ್ತೆ ಶೇಕಡಾವಾರು. ಕೊನೆಗೆ, 'ಆದ್ದರಿಂದ, ಬಹುಶಃ, ಕೊಡಬಹುದು ಅನ್ಸುತ್ತೆ' ಎಂದಳು. ಕರಡು ತಿದ್ದುವವರು ಗುಬ್ಬಿಯನ್ನಲ್ಲ, ಹಿರಿಯ ವೈದ್ಯೆಯನ್ನು ನೋಡುತ್ತಿದ್ದರು. ಅವಳು ಬಾಯಿ ಬಿಡಲಿಲ್ಲ. ಮೂರು ನಿಮಿಷ ಮುಗಿದ ಮೇಲೂ ಬಿಡಲಿಲ್ಲ, ಕಡ್ಡಿ ಅಷ್ಟು ದೂರದಲ್ಲಿ ಹೆಬ್ಬೆರಳೆತ್ತಿ ನಿಂತಿದ್ದ. ಮಾತ್ರೆ ಬರೆದಳು, ಒಂದು ತಿಂಗಳಿಗೆ, ದಿನಕ್ಕೊಂದು. ನುಂಗಿ, ಬಿಡಬೇಡಿ, ಎಂದು ತನ್ನ ದನಿಯಲ್ಲಿ ಹೇಳಲಿಲ್ಲ. ಬೇರೆ ಯಾರೇ ಆಗಿದ್ದರೂ ಹೇಳುತ್ತಿದ್ದಳು, ಗದರಿಸಿಯಾದರೂ ಹೇಳುತ್ತಿದ್ದಳು.

ಬೆಳಿಗ್ಗೆ ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ಎಲ್ಲವನ್ನೂ ಹೇಳಿಬಿಡುವುದೆಂದು ತೀರ್ಮಾನವಾಗಿತ್ತು. ಮೊದಲು ಕರಡು ತಿದ್ದುವವರ ಹೆಂಡತಿಗೆ, ಆಮೇಲೆ ಅವರಿಗೆ, ಆಮೇಲೆ ಹನ್ನೊಂದಕ್ಕೆ ಆ ನಲವತ್ತು ಮಂದಿಯ ಮುಂದೆ. ಮೆಟ್ಟಿಲಿನ ತಿರುವಿನಲ್ಲಿ ನೆಲ ಒರೆಸಿದವರು ಬಿಟ್ಟುಹೋದ ಬಕೆಟ್ಟು, ಅದರೊಳಗೆ ಕಿಟಕಿಯ ಬೆಳಕು. ಅವಳು ಬಕೆಟ್ಟನ್ನು ಸುತ್ತಿಕೊಂಡು ಹೋಗುವಾಗ, ಹೇಳಿದರೆ ಏನಾಗುತ್ತದೆ ಎಂದು ಇಡೀ ಸಾಲನ್ನು ಇನ್ನೊಮ್ಮೆ ಎಣಿಸಿದಳು. ವಿಚಾರಣೆ. ಮಕ್ಕಳ ವೈದ್ಯರ ಹುಬ್ಬು. ಕಡ್ಡಿಯ ಮುಖ. ಅದಕ್ಕಿಂತ ಕೆಟ್ಟದ್ದೆಂದರೆ, ಗೊತ್ತಿಲ್ಲ ಎನ್ನುವುದೇ ಅಪಾಯ ಎಂದು ಎಲ್ಲರೂ ತಿಳಿದುಕೊಂಡು ನಿರಾಳವಾಗಿ ಹಳೆಯ ಗದರಿಕೆಗೇ ಮರಳುತ್ತಾರೆ. ಅಲ್ಲ, ಗೊತ್ತಿಲ್ಲ ಎಂದಿದ್ದರಿಂದ ಆದದ್ದಲ್ಲ, ಗೊತ್ತಿದ್ದೂ ಹಾಗೆಂದದ್ದರಿಂದ ಆದದ್ದು, ಎಂದು ಯಾರಿಗೆ ಹೇಗೆ ಬಿಡಿಸಿ ಹೇಳುವುದು.

ವಾರ್ಡಿನಲ್ಲಿ ಗುಬ್ಬಿ ಕೇಸ್ ಶೀಟು ಹಿಡಿದು ಕಾಯುತ್ತಿದ್ದಳು. 'ಮೇಡಂ, ಒಂಬತ್ತನೆಯವರದ್ದೇ ಇವತ್ತಿನ ಕಾರ್ಡ್ ಮಾಡ್ಲಾ? ಮಾತ್ರೆ ತಗೊಂಡಿದ್ರೆ ಈ ಸ್ಟ್ರೋಕ್ ತಪ್ತಿತ್ತಾ ಅಂತ.'

'ಅದಕ್ಕೆ ಕಾರ್ಡ್ ಬೇಡ' ಎಂದಳು ಅವಳು. 'ಇಂಥ ಮೂರು ಜನರಲ್ಲಿ ಸುಮಾರು ಇಬ್ಬರಿಗೆ ತಪ್ಪುತ್ತೆ.'

'ಅಯ್ಯೋ, ನಿಮಗೆ ಬಾಯಲ್ಲೇ ಇದೆ' ಎಂದಳು ಗುಬ್ಬಿ ಮೆಚ್ಚಿಕೊಂಡು, ಬರೆದುಕೊಂಡಳು.

ಒಂಬತ್ತನೆಯ ಹಾಸಿಗೆಯವರು ಅವಳನ್ನು ಕಂಡು ಎಡಗೈ ಎತ್ತಿದರು. ಮುಖದ ಎಡ ಅರ್ಧ ನಕ್ಕಿತು, ಬಲ ಅರ್ಧ ತನ್ನ ಪಾಡಿಗೆ ತಾನು ಜೋತುಕೊಂಡಿತ್ತು. ನಾಲ್ಕು ದಿನವೂ ಹೀಗೆಯೇ ನಕ್ಕಿದ್ದರು. ಅವಳು ಅದನ್ನು ದೂರು ಎಂದು ಓದಿದ್ದಳು, ಅಣಕ ಎಂದು ಓದಿದ್ದಳು. ನಿನ್ನೆ ಬೆನ್ನು ತಿರುಗಿಸಿ ಬೇರೆ ಹಾಸಿಗೆಯತ್ತ ಹೋಗುವಾಗಲೂ ಆ ಅರ್ಧ ನಗು ಹಿಂದೆಯೇ ಬರುತ್ತಿರುವಂತೆನಿಸಿ ಕೈ ತೊಳೆಯುವ ಜಾಗದಲ್ಲಿ ಎರಡು ಸಲ ಹಿಂತಿರುಗಿ ನೋಡಿದ್ದಳು. ಈಗ, ಕೈ ಹಿಸುಕಿ, ಎಂದಳು, ಎಡಗೈಯಿಂದ ಹಿಸುಕಿದರು. ಕಣ್ಣು ಮುಚ್ಚಿ, ಎಂದಳು, ಮುಚ್ಚಿದರು. ಹೇಳಿದ್ದೆಲ್ಲ ಒಳಗೆ ಹೋಗುತ್ತಿತ್ತು. ಹೊರಗೆ ಬರುತ್ತಿದ್ದದ್ದು ಮಾತ್ರ, ತಾ, ತಾ, ಎಂಬ ಒಂದೇ ಅಕ್ಷರ. ಸಾವಿರಾರು ಪುಟಗಳಲ್ಲಿ ತಪ್ಪು ಹೆಕ್ಕಿದ ಮನುಷ್ಯನಿಗೆ ಆ ಅಕ್ಷರ ತಪ್ಪೆಂದು ಗೊತ್ತಾಗುತ್ತಿತ್ತು, ಪ್ರತಿ ಸಲವೂ ಅದನ್ನು ಹೊಡೆದುಹಾಕುವಂತೆ ತಲೆಯಲ್ಲಾಡಿಸುತ್ತಿದ್ದರು.

ಅವರ ಹೆಂಡತಿ ಅದೇ ಅಚ್ಚುಕೂಟದ ಬೈಂಡಿಂಗ್ ವಿಭಾಗದಲ್ಲಿ ಪುಸ್ತಕ ಹೊಲಿದವರು, ಬೆರಳುಗಳ ತುದಿ ಇನ್ನೂ ಗಡುಸಾಗಿತ್ತು. ಗಂಡನನ್ನು ಕರೆತಂದ ದಿನವೇ ಕೈಚೀಲದಿಂದ ಮಾತ್ರೆಯ ಮೂರು ಸ್ಟ್ರಿಪ್ ತೆಗೆದು, 'ಒಂದೂ ತಗೊಂಡಿಲ್ಲ ಡಾಕ್ಟ್ರಮ್ಮ, ನೋಡಿ' ಎಂದು ಅವಳ ಕೈಗಿಟ್ಟಿದ್ದರು. ಯಾಕೆ ಎಂದು ಕೇಳುವ ಧೈರ್ಯ ಆಗ ಅವಳಿಗಿರಲಿಲ್ಲ. ಇವತ್ತು, ಸ್ವಲ್ಪ ಬನ್ನಿ, ಎಂದು ತೂಕದ ಯಂತ್ರ ಇಟ್ಟಿದ್ದ ಪಕ್ಕದ ಸಣ್ಣ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದಳು. ಕೂರಲು ಒಂದೇ ಸ್ಟೂಲು. ಆಕೆ ಕೂರಲಿಲ್ಲ, ಇವಳೂ ಕೂರಲಿಲ್ಲ.

'ಅವರು ಮಾತ್ರೆ ಯಾಕೆ ತಗೊಳ್ಳಲಿಲ್ಲ?'

'ನೀವೇ ಹೇಳಿದ್ರಲ್ಲ, ಗೊತ್ತಿಲ್ಲ ಅಂತ.' ಆ ದನಿಯಲ್ಲಿ ಆಪಾದನೆಯಿರಲಿಲ್ಲ, ವಿಳಾಸ ಹೇಳಿದಷ್ಟು ಸರಳವಾಗಿತ್ತು. 'ಮನೆಗೆ ಬಂದೋರು ಎರಡು ದಿನ ಅದೇ ಮಾತು. ಇಷ್ಟು ವರ್ಷದಲ್ಲಿ ಇಂಥ ಡಾಕ್ಟ್ರನ್ನ ನೋಡಿಲ್ಲ ಕಣೇ, ನಾವು ಅನುಮಾನ ಬಂದ ಕಡೆ ಅಂಚಲ್ಲಿ ಪ್ರಶ್ನೆ ಚಿಹ್ನೆ ಹಾಕಿ ಬಿಡ್ತೀವಲ್ಲ, ಈಯಮ್ಮ ಹಾಗೇ ಹಾಕಿದ್ಲು, ಮಿಕ್ಕೋರೆಲ್ಲ ಗೊತ್ತು ಗೊತ್ತು ಅಂತ ಗೀಚಿಬಿಡ್ತಾರೆ ಅಂತ. ಆಮೇಲೆ ಕೂತು ಯೋಚನೆ ಮಾಡಿದ್ರು. ನನ್ನ ಕಾಲು ಜಾರುತ್ತೆ, ತಲೆ ಒಡೆದ್ರೆ ರಕ್ತ ನಿಲ್ಲಲ್ಲ. ಡಾಕ್ಟ್ರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ, ಅಂದ್ಮೇಲೆ ನಾನೇ ತೀರ್ಮಾನ ಮಾಡ್ಬಹುದು ಅಂದ್ರು. ನಾನು ಬೈದೆ. ತಗೊಳ್ಳಿ ಸುಮ್ನೆ, ದುಡ್ಡು ಕೊಟ್ಟು ತಂದಿದ್ದೀವಿ ಅಂದೆ. ಕೇಳೋ ಜೀವವಾ ಅದು?'

ತೂಕದ ಯಂತ್ರದ ಮುಳ್ಳು ಸೊನ್ನೆಯಿಂದ ಸ್ವಲ್ಪ ಆಚೆ ನಿಂತಿತ್ತು. ಯಾರೂ ನಿಂತಿಲ್ಲದೆಯೂ ಅರ್ಧ ಕಿಲೋ. ಅವಳು ಅದನ್ನೇ ನೋಡುತ್ತ ಹೇಳಿದಳು. 'ನನಗೆ ಗೊತ್ತಿತ್ತು. ಕೊಡ್ಲೇಬೇಕು ಅಂತ ಅವತ್ತೇ ಗೊತ್ತಿತ್ತು. ಚಿಕ್ಕ ಡಾಕ್ಟರುಗಳಿಗೆ ಕಲಿಸೋಕೆ, ಅವರಾಗಿ ಹುಡುಕಲಿ ಅಂತ, ಗೊತ್ತಿಲ್ಲ ಅಂದೆ. ವಿಡಿಯೋ ತೆಗೀತಾ ಇದ್ರು.' ಕೊನೆಯ ವಾಕ್ಯ ಯಾಕೆ ಬಂತೆಂದು ಅವಳಿಗೇ ತಿಳಿಯಲಿಲ್ಲ. ಆದರೆ ಅದೊಂದೇ ಪೂರ್ತಿ ನಿಜ ಎನಿಸಿತು.

ಆಕೆಯ ಗಡುಸು ಬೆರಳುಗಳು ಸೆರಗಿನ ಅಂಚನ್ನು ಮಡಚಿ, ಉಗುರಿನಿಂದ ಗೆರೆ ತೀಡಿ, ಬಿಡಿಸಿ, ಮತ್ತೆ ಮಡಚಿದವು. ಹೊಡೆಯಲಿ, ಎಂದುಕೊಂಡಳು ಅವಳು. ಕಿರುಚಿ ಇಡೀ ವಾರ್ಡನ್ನು ಕೂಡಿಸಲಿ.

'ಗೊತ್ತಿದ್ದೂ ಗೊತ್ತಿಲ್ಲ ಅಂದ್ರಿ.'

'ಹೂಂ.'

'ಅವರನ್ನ ಮುಂದೆ ಇಟ್ಕೊಂಡು ಪಾಠ ಮಾಡಿದ್ರಿ.'

'ಹೂಂ. ಈಗ ಅವರಿಗೂ ಹೇಳ್ಬೇಕು ಅಂತಿದ್ದೀನಿ. ಆಮೇಲೆ ಮೇಲಿನೋರಿಗೂ ಹೇಳ್ತೀನಿ.'

'ಅವರಿಗೆ ಮಾತು ಹೋಗಿದೆ, ಕಿವಿ ಹೋಗಿಲ್ಲ' ಎಂದರು ಆಕೆ, ಮೊದಲ ಸಲ ದನಿ ಗಟ್ಟಿ ಮಾಡಿ. 'ನೀವು ಹೇಳಿದ್ರೆ ಅರ್ಥ ಆಗುತ್ತೆ. ಅದೇ ಕಷ್ಟ. ಈಗ ಆ ಜೀವ ಏನಂದ್ಕೊಂಡು ಮಲಗಿದೆ ಗೊತ್ತಾ? ನಾನು ಯೋಚನೆ ಮಾಡಿ ಒಂದು ತೀರ್ಮಾನ ತಗೊಂಡೆ, ಅದು ಕೈಕೊಡ್ತು, ಇರ್ಲಿ, ಅಂತ. ಡಾಕ್ಟ್ರಮ್ಮ ಒಳ್ಳೇವಳು, ಅವಳದ್ದೇನೂ ತಪ್ಪಿಲ್ಲ ಅಂತ. ನಿಮ್ಮನ್ನ ಕಂಡ್ರೆ ನಗ್ತಾರೆ, ನೋಡಿಲ್ವಾ? ನನ್ನ ಕಂಡ್ರೆ ಅಳ್ತಾರೆ. ಮೋಸ ಹೋದೆ ಅಂತ ಗೊತ್ತಾದ್ರೆ, ಬೈಯೋಕಾದ್ರೂ ಬಾಯಿ ಬೇಡ್ವಾ?'

'ಆದ್ರೆ ನಾನು...'

'ನಿಮ್ಮ ಎದೆ ಹಗುರ ಆಗ್ಲಿ ಅಂತ ಅವರ ಎದೆ ಮೇಲೆ ತಂದು ಹೇರ್ಬೇಡಿ.' ಆಕೆ ಬಾಗಿಲಿಗೆ ಕೈ ಹಾಕಿದರು. 'ದೊಡ್ಡೋರಿಗೂ ಬೇಡ. ನೀವು ಮೇಲೆ ಹೇಳಿದ್ದು ಸಂಜೆಯೊಳಗೆ ಆಯಾ ಬಾಯಲ್ಲಿ ಕೆಳಗೆ ಬಂದಿರುತ್ತೆ. ನಾನು ಯಾರಿಗೂ ಹೇಳಲ್ಲ, ನನ್ನ ಮಗಳಿಗೂ ಹೇಳಲ್ಲ. ನಿಮ್ಮ ಮೇಲೆ ಕರುಣೆ ಬಂತು ಅಂತ ತಿಳ್ಕೋಬೇಡಿ. ಕರುಣೆಗಿರುಣೆ ಏನಿಲ್ಲ.'

ಆಕೆ ಹೊರಗೆ ಹೋದ ಮೇಲೂ ಅವಳು ಅಲ್ಲೇ ನಿಂತಿದ್ದಳು. ಹೀಗೆ ಯಾರಾದರೂ ಹೇಳಲಿ ಎಂದೇ ಕಾದಿದ್ದೆನೇ, ಎಂಬ ಯೋಚನೆ ಬಂತು. ಮೊದಲು ಹೆಂಡತಿಗೆ ಹೇಳುವುದೆಂದು ತೀರ್ಮಾನಿಸಿದ್ದು ಏಕೆ? ಬೇಡ ಎನ್ನುವ ಹಕ್ಕಿರುವವರು ಅವರೊಬ್ಬರೇ ಎಂದೇ? ನಾಲ್ಕು ಮನೆಯ ಕಾರ್ಡು ಕಣ್ಣ ಮುಂದೆ ಬಂತು. ರೋಗಿ ಯಾರು. ಹೇಳುವುದು. ಹೇಳದಿರುವುದು. ಕೊನೆಗೆ ಏನಾಗಬೇಕು. ಮೊದಲ ಮನೆಯಲ್ಲೇ ಅವಳ ಕೈ ನಿಂತಿತು, ಅಲ್ಲಿ ಅವರ ಹೆಸರಿನ ಜಾಗದಲ್ಲಿ ತನ್ನ ಹೆಸರೇ ಕಾಣಿಸುತ್ತಿತ್ತು.

ಹೊರಗೆ ಬಂದಾಗ ಕಡ್ಡಿ ಅವಳನ್ನು ಕರೆದುಕೊಂಡು ಹೋಗಲು ವಾರ್ಡಿಗೇ ಬಂದಿದ್ದ, ಒಂಬತ್ತನೆಯ ಹಾಸಿಗೆಯ ಕಾಲ ಬುಡದಲ್ಲಿ ನಿಂತು ಗುಬ್ಬಿಯ ಜೊತೆ ಏನೋ ಹೇಳಿ ನಗುತ್ತಿದ್ದ. ಹಾಸಿಗೆಯ ಮೇಲಿರುವವರು ಯಾರೆಂದು ಅವನಿಗೆ ಗುರುತು ಸಿಕ್ಕಿರಲಿಲ್ಲ. ಅವನ ಕ್ಯಾಮೆರಾ ಅವರ ಮುಂಗೈಯನ್ನಷ್ಟೇ ನೋಡಿತ್ತು. 'ಬನ್ನಿ ಮೇಡಂ, ಎಲ್ಲ ಕೂತಿದ್ದಾರೆ. ಪ್ರೊಜೆಕ್ಟರ್ ಒಂದು ಸತಾಯಿಸ್ತಿತ್ತು, ಸರಿ ಮಾಡಿಸಿದ್ದೀನಿ.' ಆಮೇಲೆ ಹತ್ತಿರ ಬಂದು ದನಿ ತಗ್ಗಿಸಿದ. 'ಒಂದು ಮಾತು ಹೇಳ್ಬೇಕಿತ್ತು. ನಿಮಗೆ ನೆನಪಿರಲ್ಲ, ನಾನು ಇಲ್ಲಿ ಓದ್ತಿದ್ದಾಗ ಒಬ್ಬ ಅಜ್ಜಿ ಮುಂದೆ ನನ್ನ ಬಾಯಲ್ಲಿ ಗೊತ್ತಿಲ್ಲ ಅಂತ ಹೇಳಿಸಿದ್ರಿ. ಎಷ್ಟೋ ವರ್ಷ ರಾತ್ರಿ ಅದೇ ಕನಸು ಬೀಳ್ತಿತ್ತು. ಈ ವಿಡಿಯೋ ನೋಡಿದ್ಮೇಲೆ ಬಿದ್ದಿಲ್ಲ. ಅಷ್ಟೇ ಮೇಡಂ.' ಅವನ ಕಣ್ಣಂಚು ಒದ್ದೆಯಾಗಿತ್ತು. ಅವಳು ಅವನ ಮೊಣಕೈ ಮುಟ್ಟಬೇಕೆಂದು ಕೈ ಎತ್ತಿದಳು, ಮುಟ್ಟದೆ ಕೋಟಿನ ಜೇಬಿಗೆ ಹಾಕಿಕೊಂಡಳು.

'ಮೇಡಂ, ಒಂದೇ ನಿಮಿಷ' ಎಂದಳು ಗುಬ್ಬಿ. ಕೇಸ್ ಶೀಟಿನಲ್ಲಿ ಒಂದು ಸಾಲು ನಾಲ್ಕು ದಿನದಿಂದ ಖಾಲಿ ಬಿದ್ದಿತ್ತು. 'ಮಾತ್ರೆ ತಗೊಳ್ಳದೇ ಇರೋದಕ್ಕೆ ಕಾರಣ ಅಂತಿದೆ. ಏನು ಬರೀಲಿ? ಮುಂದೆ ಯಾರಾದ್ರೂ ಇಂಥ ಕೇಸ್‌ಗಳನ್ನೆಲ್ಲ ಒಟ್ಟು ಮಾಡಿ ನೋಡಿದ್ರೆ ಇದೂ ಲೆಕ್ಕಕ್ಕೆ ಬರುತ್ತಲ್ಲ, ಸರಿಯಾಗಿರ್ಬೇಕು.'

ಕರಡು ತಿದ್ದುವವರು ಕಣ್ಣು ತೆರೆದಿದ್ದರು. ಅವರ ಹೆಂಡತಿ ದಿಂಬಿನ ಪಕ್ಕ ನಿಂತು, ಹೊದಿಕೆಯ ಅಂಚನ್ನು ಗಂಡನ ಎದೆಯ ಮೇಲೆ ಮಡಚುತ್ತಿದ್ದರು, ತಲೆ ಎತ್ತಲಿಲ್ಲ. ಕಡ್ಡಿ ಗಡಿಯಾರ ನೋಡಿಕೊಂಡ. ಗುಬ್ಬಿಯ ಪೆನ್ನು ಕಾಗದದಿಂದ ಒಂದು ಅಕ್ಷರದಷ್ಟು ಮೇಲೆ ಕಾಯುತ್ತಿತ್ತು. ಎಲ್ಲರೂ ಇಲ್ಲೇ ಇದ್ದಾರೆ, ಎಂದುಕೊಂಡಳು ಅವಳು, ಇನ್ನು ಇಂಥ ಗಳಿಗೆ ಬರುವುದಿಲ್ಲ.

'ರೋಗಿಯ ಸ್ವಂತ ತೀರ್ಮಾನ ಅಂತ ಬರಿ' ಎಂದಳು.

ಗುಬ್ಬಿ ಬರೆದಳು. ಹಾಸಿಗೆಯವರು, ತಾ, ಎಂದರು. ಈ ಸಲ ತಲೆಯಲ್ಲಾಡಿಸಿ ಹೊಡೆದುಹಾಕಲಿಲ್ಲ. ಎಡಗೈಯನ್ನು ನಿಧಾನವಾಗಿ ಎತ್ತಿ ತಮ್ಮ ಎದೆ ಮುಟ್ಟಿಕೊಂಡರು, ಹೌದು, ನನ್ನದೇ, ಎನ್ನುವಂತೆ. ಮುಖದ ಅರ್ಧದಲ್ಲಿ ಒಂದು ಬಗೆಯ ಗರ್ವ ಕಂಡಿತು. ಹೆಂಡತಿಯ ಕೈ ಹೊದಿಕೆಯ ಮೇಲೆ ನಿಂತಿತು, ಮತ್ತೆ ಮಡಚತೊಡಗಿತು. ಅವಳು ಶೀಟು ಇಸಿದುಕೊಂಡು ಆ ಸಾಲಿನ ಕೆಳಗೆ ಸಹಿ ಹಾಕಿದಳು. ಸಹಿ ದಿನದಂತೆಯೇ ಬಂತು.

ಕಡ್ಡಿಯ ಪಕ್ಕ ಪಡಸಾಲೆಯಲ್ಲಿ ನಡೆಯುತ್ತ ಅವಳು ಯಾರು ಯಾರಿಗೆ ಹೇಳುವುದಿಲ್ಲವೆಂದು ಒಬ್ಬೊಬ್ಬರನ್ನೇ ಮನಸ್ಸಿನಲ್ಲಿ ಹೊರಗೆ ಕಳಿಸಿದಳು: ಇವನಿಗಿಲ್ಲ, ಒಳಗೆ ಕೂತ ನಲವತ್ತು ಮಂದಿಗಿಲ್ಲ, ಗುಬ್ಬಿಗಿಲ್ಲ, ಗಂಡನಿಗಂತೂ ಇಲ್ಲ, ಎಂದಾದರೊಂದು ದಿನ ಆ ಮನುಷ್ಯನಿಗೆ ಮಾತು ಮರಳಿ ಬಂದು ಅವರೇ ಕೇಳಿದರೆ ಅವರಿಗೂ ಇಲ್ಲ. ಕೊನೆಯವರು ಹೊರಟು ಮನಸ್ಸಿನ ಬಾಗಿಲು ಮುಚ್ಚಿಕೊಂಡಾಗ ಹೆಗಲಿನಿಂದ ಏನೋ ಇಳಿದಂತೆ ಹಗುರವಾಯಿತು. ಆ ಹಗುರಕ್ಕೆ ಅವಳು ಬೆಚ್ಚಿಬಿದ್ದಳು. ಕಡ್ಡಿ ಸಭಾಂಗಣದ ಬಾಗಿಲು ತೆರೆದು ಹಿಡಿದು, ನೀವು ಮೊದಲು, ಎಂದು ಕಾದ.